ಅಕ್ಕನ ಉಸಿರಿನ ನಕ್ಷೆ

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವನು ನಾನೊಬ್ಬನೇ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ನಮ್ಮೂರು ಸಾಸಲಿನಿಂದ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ದೊಡ್ಡಬಳ್ಳಾಪುರಕ್ಕೆ ಹೋಗಿ ಭೌತಶಾಸ್ತ್ರ ಓದಿದೆ. ಈಗ ಕ್ಯಾನ್ಸರ್ ಆಸ್ಪತ್ರೆಯಲ್ಲಿ ರೇಡಿಯೇಶನ್ ಕಿರಣ ಯಾವ ದಿಕ್ಕಿನಿಂದ ಎಷ್ಟು ಹೋಗಬೇಕೆಂದು ಲೆಕ್ಕ ಹಾಕುವುದು ನನ್ನ ಕೆಲಸ. ಊರಲ್ಲಿ ಅದಕ್ಕೆ ‘ಕರೆಂಟ್ ಕೊಡೋದು’ ಅನ್ನುತ್ತಾರೆ. ನನ್ನನ್ನು ಎಲೆಕ್ಟ್ರಿಷಿಯನ್ ಅಂದುಕೊಂಡವರೂ ಇದ್ದಾರೆ.

ನನ್ನನ್ನು ಓದಿಸಿದ ಅಕ್ಕ ಇಪ್ಪತ್ತೈದು ವರ್ಷ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ದುಡಿದವಳು. ಹೋದ ವರ್ಷ ಅವಳ ಬಲ ಶ್ವಾಸಕೋಶದಲ್ಲಿ ಗಡ್ಡೆ ಕಂಡಿತು. ಮೊದಲೇ ನಾಲ್ಕು ಹೆಜ್ಜೆಗೆ ಏದುಸಿರು ಬಿಡುವವಳು. ಕಿರಣ ಒಳ್ಳೆಯ ಭಾಗವನ್ನೂ ಸುಟ್ಟರೆ, ಗಡ್ಡೆ ಹೋದರೂ ಅವಳು ಎದ್ದು ಓಡಾಡುವ ಹಾಗಿರಲಿಲ್ಲ. ಅದಕ್ಕೇ ಡಾಕ್ಟರು ಇನ್ನೊಂದು ಬಗೆಯ ಸ್ಕ್ಯಾನ್ ಬರೆದರು. ಉಸಿರಾಡುತ್ತಿರುವಾಗಲೇ ಚಿತ್ರ ತೆಗೆದು, ಶ್ವಾಸಕೋಶದ ಯಾವ ಭಾಗದಲ್ಲಿ ಗಾಳಿ ಆಡುತ್ತದೆ, ಯಾವುದರಲ್ಲಿ ಇಲ್ಲ ಎಂದು ನಕ್ಷೆಯಾಗಿ ತೋರಿಸುವ ಸ್ಕ್ಯಾನ್ ಅದು: ಗಾಳಿ ಆಡುವ ಕಡೆ ಬಣ್ಣ, ಆಡದ ಕಡೆ ಕಪ್ಪು. ಗಾಳಿ ಆಡದ ಕಡೆಯಿಂದ ಕಿರಣ ಹಾಯಿಸಿದರೆ, ಆಡುವ ಭಾಗ ಉಳಿಯುತ್ತದೆ.

ಸ್ಕ್ಯಾನಿನ ಕೋಣೆಯಲ್ಲಿ ಅವಳೊಬ್ಬಳೇ. ಗಾಜಿನ ಈಚೆ ನಾನು. ಪರದೆಯ ಮೇಲೆ ಅವಳ ಉಸಿರಿನ ಗೆರೆ ಎತ್ತರೆತ್ತರಕ್ಕೆ ಏರಿ ಇಳಿಯುತ್ತಿತ್ತು.

“ಒಳ್ಳೆ ಉಸಿರು ಸಾರ್,” ಅಂದ ಟೆಕ್ನಿಷಿಯನ್.

ಅದು ಅಕ್ಕನ ಉಸಿರಲ್ಲ. ಅವಳ ಪಕ್ಕ ಒಂದೇ ಚಾಪೆಯಲ್ಲಿ ಮಲಗಿ ಬೆಳೆದವನು ನಾನು. ಶೆಡ್ಡಿಗೆ ಮಾಲೀಕ ಬಂದರೆ ಹೆಂಗಸರು ಕೆಮ್ಮು ನುಂಗಿಕೊಂಡು ನೆಟ್ಟಗೆ ನಿಲ್ಲುತ್ತಿದ್ದರು; ಕೆಮ್ಮುವವಳಿಗೆ ಮಾರನೆಯ ದಿನ ಮಗ್ಗ ಇರುತ್ತಿರಲಿಲ್ಲ. ಅಕ್ಕ ಅದನ್ನೇ ಇಲ್ಲೂ ಮಾಡುತ್ತಿದ್ದಳು, ಬೇಕೆಂದೇ ಉದ್ದುದ್ದ ಉಸಿರೆಳೆದು. ಆ ಉಸಿರನ್ನು ನಂಬಿದ್ದರೆ ನಕ್ಷೆಯೂ ತಪ್ಪು, ನನ್ನ ಲೆಕ್ಕವೂ ತಪ್ಪು. ನಿಲ್ಲಿಸಿ ಒಳಗೆ ಹೋದೆ.

“ಯಾಕಕ್ಕ ಹಂಗೆ ಎಳ್ಕೊಳ್ತಿದ್ದೀಯ?”

“ನಿಮ್ಮೋರೆಲ್ಲ ನೋಡ್ತಿಲ್ವೇನೋ? ಇವಳ ಕೈಲಿ ಆಗಲ್ಲ ಅಂತ ವಾಪಸ್ ಕಳಿಸ್ಬಿಟ್ರೆ?”

“ಇಲ್ಲಿ ಯಾವ ಮಾಲೀಕನೂ ಇಲ್ಲ ಕಣಕ್ಕ. ಎಲ್ಲಿ ಆಗಲ್ಲ ಅಂತಾನೇ ನಾವು ನೋಡ್ಬೇಕಾಗಿರೋದು.”

“ಅಷ್ಟೊಂದು ಓದಿ, ಕಡೆಗೆ ಇದನ್ನ ಹುಡುಕೋ ಕೆಲಸವಾ ನಿಂದು?”

ನಕ್ಕಳು. ನಗು ಕೆಮ್ಮಾಯಿತು, ಅಷ್ಟು ದಿನ ನುಂಗಿದ್ದೆಲ್ಲ ಹೊರಗೆ ಬಂತು. ಸುಧಾರಿಸಿಕೊಂಡ ಮೇಲೆ ಮತ್ತೆ ಸ್ಕ್ಯಾನ್ ಮಾಡಿದೆವು. ಈ ಸಲ ಗೆರೆ ಗಿಡ್ಡವಾಗಿತ್ತು. ಅದು ಅವಳದೇ.

ನಕ್ಷೆಯಲ್ಲಿ ಬಲಗಡೆಯ ಮೇಲ್ಭಾಗ ಹೆಚ್ಚೂಕಡಿಮೆ ಕಪ್ಪು. ಬಣ್ಣವಿದ್ದದ್ದು ಕೆಳಗಡೆ ಮಾತ್ರ. ಆ ಬಣ್ಣಕ್ಕೆ ಆದಷ್ಟೂ ತಾಗದಂತೆ ಕಿರಣದ ದಾರಿ ಹಾಕಿದೆ. ಡಾಕ್ಟರೂ ನನ್ನ ಸಹೋದ್ಯೋಗಿಯೂ ಎರಡೆರಡು ಸಲ ನೋಡಿ ಒಪ್ಪಿದರು. ಚಿಕಿತ್ಸೆ ನಡೆದಷ್ಟು ದಿನ ಊರಿಂದ ಭಾವ ಫೋನ್ ಮಾಡಿ, “ಕರೆಂಟ್ ಸರಿಯಾಗಿ ಕೊಡ್ತಿದ್ದಾರೇನಪ್ಪಾ?” ಅಂತ ಕೇಳುತ್ತಿದ್ದರು. “ಹೂಂ ಭಾವ,” ಅನ್ನುತ್ತಿದ್ದೆ. ಎಷ್ಟು ಕಪ್ಪಿತ್ತು ಅನ್ನುವುದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಓದು ನನಗೆ ಎಲ್ಲ ಕೊಟ್ಟಿದೆ. ಇದನ್ನು ಒಬ್ಬನೇ ಇಟ್ಟುಕೊಳ್ಳುವುದನ್ನೂ.

ಚಿಕಿತ್ಸೆ ಮುಗಿದು ಆರು ತಿಂಗಳಾದ ಮೇಲೆ ಸಾಸಲಿನ ಬಸ್‌ಸ್ಟಾಪಿನಿಂದ ಮನೆಯತನಕ ಅಕ್ಕ ನಡೆದೇ ಬಂದಳು. ಅರಳಿಕಟ್ಟೆಯ ಹತ್ತಿರ ಒಮ್ಮೆ ಕೂತಳು, ಅಷ್ಟೇ. ಮುಂದೆ ಓಣಿಯಲ್ಲಿ ಪಕ್ಕದ ಮನೆಯವರು ಎದುರಾದರು. ಅಕ್ಕ ಬೆನ್ನು ನೆಟ್ಟಗೆ ಮಾಡಿ ಉಸಿರು ಬಿಗಿಹಿಡಿದಳು. ಅವರು ದಾಟಿಹೋಗುವವರೆಗೂ ಅವಳ ಹಿಂದೆ ನಾನೂ ನಿಂತೆ.