ಈರಣ್ಣ ಭಾವನ ಮದುವೆ ಕಾರು

ಈರಣ್ಣ ಭಾವ ಕಾರಿನ ಬಾಗಿಲು ತೆರೆದು ಹತ್ತಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಬಾಗಿಲ ಮೇಲಿಂದಲೇ ಒಂದು ಕಾಲು ಹಾಕಿ, ಕುದುರೆ ಏರಿದವರಂತೆ ಸೀಟಿಗೆ ಇಳಿಯುತ್ತಿದ್ದರು. ತಲೆ ನರೆತ ಮೇಲೂ ಹಾಗೆಯೇ. ಯಾರಾದರೂ ನಕ್ಕರೆ, "ಬಾಗ್ಲಾ ಇರಾದು ಮದುಮಕ್ಕಳಿಗೆ. ನಾನೇನು ಮದುಮಗನಾ?" ಅನ್ನುತ್ತಿದ್ದರು.

ಮಕ್ಕಳೇ, ಮೊನ್ನೆ ನೀವು ಮೊಬೈಲಿನಲ್ಲಿ ತೋರಿಸಿದ ಕಾರು ಅವರದೇ. ಹಳೆ ಕಾರುಗಳ ಮೆರವಣಿಗೆಯಲ್ಲಿ ನಿಂತಿತ್ತು. ಮೈಗೆ ಹೊಸ ಬಣ್ಣ, ಮೇಲೆ ಹೊಸ ಟಾಪು. "ಅಜ್ಜಿ, ನೀನು ಇದ್ರಲ್ಲಿ ಕೂತಿದ್ದೀಯಾ?" ಎಂದು ಕೇಳಿದಿರಿ. ನಾನು ಹೂಂ ಅಂದೆ, ಅಷ್ಟೇ. ಎದುರಿಗೆ ಕೂತು ಮಾತಾಡಲು ನನಗೆ ಎಂದೂ ಬರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಈರಣ್ಣ ಭಾವ ನಿಮ್ಮ ಅಜ್ಜನ ಅಣ್ಣ. ರಾಯದುರ್ಗದ ಬಜಾರಿನಲ್ಲಿ ಮನೆಯವರ ಬಟ್ಟೆ ಅಂಗಡಿ ಇತ್ತು. ಭಾವನಿಗೆ ಅಂಗಡಿಗಿಂತ ಕಾರೇ ಹೆಚ್ಚು. ದೊಡ್ಡ ಯುದ್ಧ ಮುಗಿದ ಮೇಲೆ ಅದು ಪರದೇಶದಿಂದ ಹಡಗಿನಲ್ಲಿ ಬಂದದ್ದಂತೆ. ಮೊದಲು ಬಳ್ಳಾರಿ ಕಡೆಯ ಒಬ್ಬ ಗಣಿ ಧಣಿಯ ಮನೆಯಲ್ಲಿತ್ತು. ಅವರಿಗೆ ಬೇಸರವಾಗಿ ಟೆಂಟ್ ಸಿನಿಮಾದವನೊಬ್ಬನಿಗೆ ಮಾರಿದರು. ಅವನು ಅದಕ್ಕೆ ಮೈಕು ಕಟ್ಟಿ ಊರೂರಲ್ಲಿ ಆಟದ ಹೆಸರು ಕೂಗಿಸುತ್ತಿದ್ದ. ಟೆಂಟು ಮುಚ್ಚಿದಾಗ ನಮ್ಮ ಮಾವನವರು ಕೊಂಡರು. ಅದರ ಟಾಪು ಬಟ್ಟೆಯದು. ಕಬ್ಬಿಣದ ಕಮಾನುಗಳ ಮೇಲೆ ಬಿಗಿದಿರುತ್ತಿತ್ತು, ಬೇಡವಾದಾಗ ಮಡಚಿ ಹಿಂದಕ್ಕೆ ಹಾಕಬಹುದಿತ್ತು. ಅಂಥ ಕಾರು ಮೆರವಣಿಗೆಗೆ ಹೇಳಿ ಮಾಡಿಸಿದ್ದು ಎಂದು ಕಂಡುಕೊಂಡವರು ಈರಣ್ಣ ಭಾವ. ತೆಲುಗಿನವರು ಪೆಳ್ಳಿ ಕಾರು ಅಂದರು, ನಾವು ಮದುವೆ ಕಾರು ಅಂದೆವು. ಸುತ್ತಲ ಊರುಗಳ ಎಷ್ಟೋ ಮದುಮಕ್ಕಳು ಅದರಲ್ಲಿ ಮೆರೆದರು.

ನಾನೂ ಅದರಲ್ಲೇ ಬಂದವಳು. ನನ್ನ ತವರು ಮಡಕಶಿರಾ ಹತ್ತಿರದ ರೊಳ್ಳ. ಮನೆ ಮುಂದೆ ಕಾರು ನಿಂತಾಗ ನಮ್ಮಪ್ಪ ಅದರ ಸುತ್ತ ಒಂದು ಸುತ್ತು ಬಂದರು. "ಏನ್ ಸ್ವಾಮಿ, ಮ್ಯಾಲೆ ಸೂರೇ ಇಲ್ದಿರೋ ಗಾಡೀಲಿ ನಮ್ ಹುಡುಗೀನ ಕರ್ಕಂಡ್ ಹೋಗ್ತೀರಾ?" ಎಂದು ಕೇಳಿದರು.

"ಸೂರು ಮನ್ಯಾಗ ಐತ್ರಿ ಬೀಗರ. ಗಾಡ್ಯಾಗ ಆಕಾಶ ಐತಿ!" ಅಂದರು ಭಾವ. ಎಲ್ಲರೂ ನಕ್ಕರು.

ದಾರಿಯುದ್ದಕ್ಕೂ ನಾನು ತಲೆ ತಗ್ಗಿಸಿ ಕೂತಿದ್ದೆ. ಭಾವ ಮುಂದಿನಿಂದ ಕೂಗುತ್ತಿದ್ದರು. "ತಲಿ ಎತ್ತವ್ವಾ ತಂಗಿ! ಹೊಲ ನೋಡು, ಕುರಿ ನೋಡು. ನಾಳಿಯಿಂದ ನಿನಗ ಒಲಿ ಒಂದ ಕಾಣಾದು." ನನಗೆ ನಾಚಿಕೆ. ಕಲ್ಯಾಣದುರ್ಗ ಯಾವಾಗ ದಾಟಿತೋ ಗೊತ್ತಾಗಲಿಲ್ಲ. ಕಾಲುಂಗುರ ನೋಡಿಕೊಂಡೇ ರಾಯದುರ್ಗಕ್ಕೆ ಬಂದೆ. ಆ ಕಾರಿನಲ್ಲಿ ನಾನು ಕೂತದ್ದು ಅದೊಂದೇ ಸಲ.

ನಿಮ್ಮ ಅಜ್ಜ ತೀರಿಹೋದಾಗ ನಿಮ್ಮ ಅಮ್ಮ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಭಾವ ನಮ್ಮನ್ನು ಕೈಬಿಡಲಿಲ್ಲ. ಇದನ್ನು ಬರೆಯದಿದ್ದರೆ ತಪ್ಪಾದೀತು. ರಾಯದುರ್ಗದಲ್ಲಿ ಆಗಲೇ ಮನೆಮನೆಯಲ್ಲೂ ಜೀನ್ಸ್ ಹೊಲಿಯುತ್ತಿದ್ದರು. ಭಾವ ದಪ್ಪ ಬಟ್ಟೆ ಹೊಲಿಯುವ ಮಷಿನ್ನು ತಂದು ಪಡಸಾಲೆಯಲ್ಲಿ ಇಳಿಸಿ, "ಕೂಡವ್ವಾ. ಯಾರ ಮುಂದನೂ ಕೈ ಚಾಚಬ್ಯಾಡ, ನನ್ನ ಮುಂದನೂ ಚಾಚಬ್ಯಾಡ" ಅಂದರು. ಕೆಲಸ ಬೇಗ ಕೈಗೆ ಹತ್ತಿತು.

ಒಂದು ವರ್ಷ ಕಾರಿನ ಟಾಪು ಹರಿದು ಚಿಂದಿಯಾಯಿತು. ಭಾವ ಅದನ್ನು ತಂದು ನನ್ನ ಮುಂದೆ ಹಾಕಿ, "ಇಂಥಾದ್ದ ಒಂದು ಹೊಲಿತೀ ಏನವ್ವಾ?" ಎಂದು ಕೇಳಿದರು. ನಾನು ಹಳೆಯದರ ಹೊಲಿಗೆಯನ್ನೆಲ್ಲ ಬಿಚ್ಚಿ, ತುಂಡು ತುಂಡಾಗಿ ನೆಲದ ಮೇಲೆ ಹರಡಿ, ಅದೇ ಅಳತೆಗೆ ಹೊಸ ಕ್ಯಾನ್ವಾಸು ಕತ್ತರಿಸಿದೆ. ಮೇಲ್ಗಡೆಗೆ ಕಪ್ಪು ದಾರ ಹಾಕಿದೆ. ಒಳಗಡೆ ಯಾರು ನೋಡುತ್ತಾರೆ ಎಂದು ಕೆಳದಾರದ ಬಾಬಿನ್ನಿನಲ್ಲಿ ಜೀನ್ಸಿನ ಹಳದಿ ದಾರವನ್ನೇ ಬಿಟ್ಟೆ. ಒಳಗೆ ಕೂತವರು ತಲೆ ಎತ್ತಿದರಷ್ಟೇ ಅದು ಕಾಣಬೇಕು. ಮದುಮಗಳು ತಲೆ ಎತ್ತುತ್ತಾಳೆಯೇ?

ಟಾಪು ಕಮಾನಿನ ಮೇಲೆ ಚರ್ಮದ ಹಾಗೆ ಕೂತಿತು. ಭಾವ ಒಂದು ಕೊಡ ನೀರು ಸುರಿದು, ಒಳಗೆ ತಲೆ ತೂರಿಸಿ ನೋಡಿದರು. ಒಂದು ಹನಿಯೂ ಇಳಿದಿರಲಿಲ್ಲ. ಚಿಕ್ಕ ಹುಡುಗನ ಹಾಗೆ ನಕ್ಕರು. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದರು.

"ತಂಗಿ, ಬಳ್ಳಾರಿ ದರ್ಜಿ ಹೊಲದಾನ ಅಂತ ಹೇಳ್ತೀನಿ. ಮದುವಿ ಗಾಡಿ ನೋಡು. ಮಂದಿ ಬಾಯಿ ಚಲೋ ಅಲ್ಲ."

ಗಂಡ ಸತ್ತವಳು ಹೊಲಿದದ್ದು ಮದುಮಕ್ಕಳ ತಲೆಯ ಮೇಲೆ ಇದೆ ಎಂದು ಗೊತ್ತಾದರೆ ಯಾರು ಕಾರು ಕರೆಯುತ್ತಾರೆ? ಅವರು ಹೇಳದಿದ್ದರೂ ನನಗೆ ತಿಳಿಯಿತು. "ಆಗ್ಲಿ ಭಾವ" ಅಂದೆ.

ನಿಮ್ಮ ಅಮ್ಮನ ಮದುವೆಯ ದಿನ ತುಂತುರು ಮಳೆ. ಟಾಪು ಏರಿಸಿದ್ದರು. ಅವಳನ್ನು ಕಾರಿಗೆ ಹತ್ತಿಸಲು ನಾನೂ ಹೊಸ್ತಿಲು ದಾಟುತ್ತಿದ್ದೆ. ಭಾವ ಅಡ್ಡ ಬಂದರು. "ನೀ ಸ್ವಲ್ಪ ಒಳಗ ಇರವ್ವಾ. ಗಾಡಿ ಮೂಲಿ ತಿರುಗಿದ ಮ್ಯಾಲ ಬಾ." ಮೆತ್ತಗೇ ಹೇಳಿದರು. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತುಹೋಗುತ್ತಿತ್ತು. ನಾನು ಕದದ ಹಿಂದೆ ನಿಂತೆ. ನನ್ನ ಮಗಳು ನನ್ನ ಹೊಲಿಗೆಯ ಕೆಳಗೆ ಕೂತು ಗಂಡನ ಮನೆಗೆ ಹೋದಳು. ನನಗೆ ಕೇಳಿಸಿದ್ದು ಎಂಜಿನ್ನಿನ ಸದ್ದು ಮಾತ್ರ.

ವರ್ಷಗಳು ಕಳೆದಂತೆ ಜನ ಹೊಸ ಕಾರುಗಳಿಗೆ ಹೂವು ಕಟ್ಟತೊಡಗಿದರು. ಭಾವನ ಕಾರು ಅಂಗಳದ ತಗಡಿನ ಕೆಳಗೆ ನಿಂತಿತು. ಆಗ ಬೆಂಗಳೂರಿನಿಂದ ಒಬ್ಬ ಸಾಹುಕಾರರು ಬಂದರು. ಹಳೆ ಕಾರು ಕೂಡಿಡುವುದೇ ಅವರ ಹವ್ಯಾಸ. ಕಾರಿನ ಕೆಳಗೆ ಮಲಗಿ ನೋಡಿದರು, ಬಾನೆಟ್ಟು ಎತ್ತಿ ನೋಡಿದರು.

"ಇದರ ಸ್ವಂತ ಎಂಜಿನ್ ಇದ್ದಿದ್ರೆ ಇದರ ಬೆಲೆಯೇ ಬೇರೆ ಯಜಮಾನ್ರೆ. ನೀವು ಏನೇನು ಬದಲಾಯಿಸಿದ್ದೀರೋ ಅಷ್ಟಷ್ಟು ಬೆಲೆ ಇಳಿದಿದೆ."

"ಬದಲಾಯಿಸದಿದ್ರ ಗುಜರ್ಯಾಗ ಇರ್ತಿತ್ರಿ," ಅಂದರು ಭಾವ. "ಬದುಕಿದ್ದಾ ತಪ್ಪಾತೇನ್ರಿ?"

ಸಾಹುಕಾರರು ನಕ್ಕರು. ಇಂಥ ಟಾಪಿನ ಕಾರುಗಳು ಕಡಿಮೆ ಉಳಿದಿವೆ, ಹಾಗಾಗಿ ಕೊಳ್ಳುತ್ತೇನೆ ಅಂದರು. ಕಾರಿನ ಚರಿತ್ರೆಗೂ ಬೆಲೆ ಇದೆ, ಯಾರ್ಯಾರು ಏನೇನು ಮಾಡಿದರು ಎಲ್ಲ ಹೇಳಿ, ರೆಕಾರ್ಡು ಮಾಡಿಕೊಳ್ಳುತ್ತೇನೆ ಎಂದು ಮೊಬೈಲನ್ನು ಮುಂದಿಟ್ಟರು. ಭಾವ ಶುರು ಮಾಡಿದರು. ಗಣಿ ಧಣಿ, ಟೆಂಟಿನವನು, ಗುಂತಕಲ್ಲಿನಲ್ಲಿ ಗೇರು ಸರಿಮಾಡಿದ ರೈಲ್ವೆಯವರು, ದೀಪದ ಗಾಜು ಹುಡುಕಿ ತಂದ ಮಡಕಶಿರಾದ ಸಾಬರು, ಎಲ್ಲರ ಹೆಸರೂ ಅವರ ಮಾತಿನಲ್ಲಿ ಬಂತು. ಭಾವ ಯಾರ ಉಪಕಾರವನ್ನೂ ಮರೆಯುವವರಲ್ಲ. ನಾನು ಕಾಫಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದೆ.

ಸಾಹುಕಾರರು ಟಾಪನ್ನು ಸವರಿ ನೋಡಿದರು. "ಇದು ಕಂಪನಿಯದಲ್ಲ. ಆದ್ರೆ ಹೊಲಿಗೆ ಚೆನ್ನಾಗಿದೆ. ಯಾರು ಮಾಡಿದ್ದು?"

ಭಾವ ತಲೆ ಎತ್ತಿ ನನ್ನನ್ನು ನೋಡಿದರು. ಇನ್ನು ಆ ಕಾರಿಗೆ ಯಾವ ಮದುವೆಯೂ ಇರಲಿಲ್ಲ. ಯಾವ ಮಂದಿಯ ಬಾಯಿಗೂ ಹೆದರಬೇಕಿರಲಿಲ್ಲ. ಒಂದು ಮಾತು ಸಾಕಿತ್ತು.

"ಬಳ್ಳಾರಿ ದರ್ಜಿರಿ, ಒಬ್ಬಾತ," ಅಂದರು ಭಾವ. "ಈಗಿಲ್ಲ. ತೀರಿಕೊಂಡ."

"ಪಾಪ," ಅಂದರು ಸಾಹುಕಾರರು. ನಾನು ಕಾಫಿ ಕೊಟ್ಟೆ.

ಒಳಗೆ ಬಂದಾಗ ಭಾವನ ಹೆಂಡತಿ ಗೌರಕ್ಕ ಒಲೆ ಮುಂದೆ ಕೂತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು. "ಬಳ್ಳಾರಿ ದರ್ಜಿ ಸತ್ರೂ ಕಾಫಿ ಚಲೋ ಮಾಡ್ತಾನ ನೋಡು," ಅಂದಳು. ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ನಗು ನಿಂತ ಮೇಲೆ ಅವಳು ನನ್ನ ಮುಖ ನೋಡಲಿಲ್ಲ.

ಕಾರು ಒಯ್ಯುವ ದಿನ ಸಾಹುಕಾರರ ಆಳುಗಳು ಟಾಪು ಬಿಚ್ಚಿ ಅಂಗಳದಲ್ಲಿ ಬಿಟ್ಟರು. ಮೂಲದ ಮಾದರಿಯಲ್ಲೇ ಹೊಸದು ಮಾಡಿಸುತ್ತಾರಂತೆ. ಭಾವ ಕಾರಿಗಿಂತ ಹೆಚ್ಚಾಗಿ ಆ ಟಾಪನ್ನೇ ನೋಡುತ್ತಾ ನಿಂತಿದ್ದರು. ಅದನ್ನು ಮಡಚಿ ಅಟ್ಟಕ್ಕೆ ಹಾಕಿದವಳು ನಾನು.

ಹೋದ ಬೇಸಿಗೆಯಲ್ಲಿ ಭಾವನಿಗೆ ಉಸಿರು ಕಟ್ಟಿತು. ಆಸ್ಪತ್ರೆಗೆ ಒಯ್ಯಲು ಆಟೋ ಬಂತು. ಆಟೋಗೆ ಬಾಗಿಲೇ ಇಲ್ಲ, ಆದರೂ ಹಳೆ ರೂಢಿಯಂತೆ ಕಾಲನ್ನು ಮೇಲೆತ್ತಿದರು, ಮುಗ್ಗರಿಸಿದರು. ಕೂರಿಸಿದ ಮೇಲೆ ನನ್ನನ್ನು ಹತ್ತಿರ ಕರೆದರು. ಏನೋ ಹೇಳುತ್ತಾರೆ ಅಂದುಕೊಂಡೆ. "ತಂಗಿ, ಆ ಟಾಪು ಇಲಿ ಕಡೀದಂಗ ನೋಡ್ಕೋ," ಅಂದರು. ಆಗಲೂ "ಆ ಟಾಪು" ಅಂದರು. "ನಿನ್ನ ಟಾಪು" ಅನ್ನಲಿಲ್ಲ.

ಆಸ್ಪತ್ರೆಯಿಂದ ಅವರು ಬದುಕಿ ಬರಲಿಲ್ಲ. ಮರುದಿನ ಅವರನ್ನು ಮನೆಗೆ ತಂದು, ವಿಭೂತಿ ಹಚ್ಚಿ, ಅಂಗಳದಲ್ಲಿ ಕಾರು ನಿಲ್ಲುತ್ತಿದ್ದ ಜಾಗದಲ್ಲೇ ನಮ್ಮ ಪದ್ಧತಿಯಂತೆ ಕೂರಿಸಿದರು. ತಗಡು ಎಂದೋ ಹಾರಿಹೋಗಿತ್ತು, ಬಿಸಿಲು ನೆತ್ತಿಗೆ ಬಂದಿತ್ತು. ಅವರ ಮಗ ಅಟ್ಟದಿಂದ ಟಾಪು ಇಳಿಸಿ, ನಾಲ್ಕು ಮೂಲೆಗೆ ಹಗ್ಗ ಹಾಕಿ, ನೆರಳಿಗೆ ಕಟ್ಟಿದ. ಕೆಳಗೆ ಕೂತ ಹೆಂಗಸರೆಲ್ಲ ಜೀನ್ಸ್ ಹೊಲಿಯುವವರೇ. ಒಬ್ಬಳು ಸೆರಗಿನಿಂದ ಕಣ್ಣೊರೆಸುತ್ತಾ ತಲೆ ಎತ್ತಿ ನೋಡಿದಳು.

"ಇದು ಬಳ್ಳಾರಿ ದರ್ಜೀದು ಅಂತಿದ್ರಲ್ಲ? ಜೀನ್ಸ್ ದಾರ ಐತಿ. ಯಾರ ಕೈಯವ್ವಾ ಇದು?"

"ನಂದು," ಅಂದೆ. ಎಲ್ಲರಿಗೂ ಕೇಳುವ ಹಾಗೆ ಅಂದೆ.

ಯಾರೂ ಬೆಚ್ಚಲಿಲ್ಲ, ಯಾರೂ ಎದ್ದು ಹೋಗಲಿಲ್ಲ. ಸಾವಿನ ಮನೆಗೆ ಯಾರ ಕೈಯದಾದರೂ ನಡೆಯುತ್ತದೆ. "ಚಲೋ ಹೊಲದೀ," ಅಂದು ಅವಳು ಮತ್ತೆ ಅಳತೊಡಗಿದಳು.

ನಾನು ಭಾವನ ಕಡೆ ನೋಡಿದೆ. ಬೆನ್ನನ್ನು ಗೋಡೆಗೆ ಆನಿಸಿ, ಬಾಗದಂತೆ ತಲೆಯನ್ನು ಮೇಲೆತ್ತಿ ಕಟ್ಟಿದ್ದರು. ಮುಖ ನೇರವಾಗಿ ಆ ಹಳದಿ ಹೊಲಿಗೆಯ ಕಡೆಗೇ ಇತ್ತು. ಕಣ್ಣು ಮುಚ್ಚಿತ್ತು.