ಕಾಣದ ಚುಕ್ಕಿಗೆ ಹೂಂ ಎಂದದ್ದು

...ಪರದೆಯ ನಡುವಿನ ಚುಕ್ಕಿಯನ್ನೇ ನೋಡುತ್ತಿರಿ ಅಂತಲೋ ಏನೋ ಹೇಳಿದ್ದರು, ಗೆಳೆಯರೆ. ಹೋದ ತಿಂಗಳು ತಂಗಿಯ ಮಗಳು ಶಾರದೆಯ ಸಂಶೋಧನೆಗಾಗಿ ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿದ್ದೆ. ಕಣ್ಣು ಕಂಡದ್ದು ಮಿದುಳಿನ ಯಾವ ಭಾಗಕ್ಕೆ ತಲುಪುತ್ತದೆಂದು ಅವಳು ನಕ್ಷೆ ಮಾಡುತ್ತಿದ್ದಾಳೆ. ನಾಡಿದ್ದು ಅದನ್ನು ಗೈಡ್‌ಗೆ ಒಪ್ಪಿಸಬೇಕು.

ಇವತ್ತು ಬೆಟಗೇರಿಯ ಅವರ ಮನೆಯಲ್ಲಿ ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿದಳು. ಉಳಿದವರ ಮಿದುಳಿನ ಹಿಂಭಾಗದಲ್ಲೆಲ್ಲ ಬಣ್ಣದ ಪಟ್ಟಿಗಳು. ನನ್ನದು ಬರೀ ಬೂದು.

"ಮಾಮಾ, ಎಂಟು ದಿನ ಆತು, ನನ್ನ ಕೆಲಸದಾಗ ತಪ್ಪೈತೇನಂತ ಹುಡಕಾಕತ್ತೀನಿ. ಖರೆ ಹೇಳ್ರಿ, ಚುಕ್ಕಿ ಕಂಡಿತ್ತಿಲ್ಲೋ?"

"ಚಷ್ಮಾ ತಗಿಸಿದ್ರಲ್ಲವಾ. ಏನೂ ಕಾಣ್ಲಿಲ್ಲ."

"ಮತ್ತ ಕಾಣಸ್ತೈತೇನ್ರಿ ಅಂತ ಯಂತ್ರ ನಡಸಾಕಿ ಮೈಕಿನ್ಯಾಗ ಕೇಳಿದಾಗ ಹೂಂ ಅಂದೀರಲ್ರಿ!"

"ಪಾಪ, ಆಕಿ ಅಷ್ಟು ಪ್ರೀತಿಲೆ ಕೇಳಿದ್ಲು. ಇಲ್ಲ ಅನ್ನೂದು ಹೆಂಗ?"

ಶಾರದೆ ನನ್ನನ್ನು ನಕ್ಷೆಯಿಂದ ಅಳಿಸಿದಳು.

ಒಳಗಿನಿಂದ ತಂಗಿ, "ಅಣ್ಣಾ, ಚಹಾ ಆತೇನು?" ಎಂದಳು. "ಆತವಾ" ಎಂದೆ. ಆಗಿರಲಿಲ್ಲ. "ಖರೇನ?" ಎಂದು ಆಕೆ ಮತ್ತೊಮ್ಮೆ ಕೇಳಿದ್ದರಿಂದ ಇಲ್ಲವೆಂದು ಒಪ್ಪಿ, ಕುಡಿದೆ.

ಮೈಕಿನಲ್ಲಿ ಕೇಳಿದ ತಾಯೀ, ನೀವು ಎರಡನೇ ಸಲ ಯಾಕೆ ಕೇಳಲಿಲ್ಲ?