ಅಪ್ಪನ ಕಾಲಿಗೆ ಕಟ್ಟಿದ ಬ್ಯಾಂಡೇಜು

ಕೊರೊನಾ ತಣ್ಣಗಾದ ಮರುವರ್ಷದ ಮಾತು. ಮೋರಟಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪ ಇಂದೋ ನಾಳೆಯೋ ಎಂಬಂತೆ ಮಲಗಿದ್ದ. ತಲೆಯ ಹತ್ತಿರ ಅವ್ವ, ಕಾಲ ಹತ್ತಿರ ಅಪ್ಪನ ಅಕ್ಕ, ಎಂದರೆ ನನ್ನ ಸೋದರತ್ತೆ, ಬಾಗಿಲಲ್ಲಿ ಅಣ್ಣ. ನಾನು ಅವತ್ತು ಮಧ್ಯಾಹ್ನವಷ್ಟೇ ಮುದ್ದೇಬಿಹಾಳದಿಂದ ಬಂದಿದ್ದೆ. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ನಾನು ನರ್ಸು.

ಬಂದಿದ್ದೆ ಅಂದರೆ ಮೈ ಮಾತ್ರ ಬಂದಿತ್ತು. ಮೂವತ್ತು ಹಾಸಿಗೆಗೆ ನಾನೊಬ್ಬಳೇ. ಜೊತೆಯವಳು ಕೆಲಸ ಬಿಟ್ಟು ಎರಡು ತಿಂಗಳಾಗಿತ್ತು, ಅವಳ ಜಾಗಕ್ಕೆ ಯಾರೂ ಬಂದಿರಲಿಲ್ಲ. ಒಂದು ಡ್ಯೂಟಿ ಮುಗಿದರೆ ಇನ್ನೊಂದು. ಸತ್ತವರ ಮುಖ ಮುಚ್ಚಬೇಕು, ಕೈ ತೊಳೆದು ಪಕ್ಕದ ಹಾಸಿಗೆಯವರಿಗೆ ಸೂಜಿ ಚುಚ್ಚಬೇಕು. ಮೊದಮೊದಲು ಬಾತ್‌ರೂಮಿಗೆ ಹೋಗಿ ಅಳುತ್ತಿದ್ದೆ. ಆಮೇಲೆ ಅದೂ ನಿಂತಿತು. ಯಾವಾಗ ನಿಂತಿತೋ ನನಗೇ ಗೊತ್ತಾಗಲಿಲ್ಲ. ಒಳ್ಳೆಯದೇ ಆಯಿತು ಅಂದುಕೊಂಡಿದ್ದೆ.

ಇಳಿಹೊತ್ತಿಗೆ ಅಪ್ಪನ ಉಸಿರು ನಿಂತಿತು. ನಾಡಿ ಹಿಡಿದು ನೋಡಿದೆ. ಗೋಡೆಯ ಗಡಿಯಾರ ನೋಡಿದೆ. ಕಣ್ಣು ಮುಚ್ಚಿಸಿದೆ. "ಏನಾತವ್ವಾ?" ಅಂದಳು ಅವ್ವ. ಅವಳ ಕಡೆ ತಿರುಗಿ ನಾನು ಹೇಳಿದ ಮಾತು ನೆನೆದರೆ ಇಂದಿಗೂ ಕುಗ್ಗಿ ಹೋಗುತ್ತೇನೆ.

"ಪೇಶಂಟಿನ ಮಂದಿ ಸ್ವಲ್ಪ ಹೊರಗ ನಿಂದರ್ರಿ."

ಅವ್ವ ನನ್ನ ಮುಖವನ್ನೇ ನೋಡಿದಳು. "ನಾ ಎಲ್ಲಿಗೆ ಹೋಗ್ಲಿ ಮಗಳ? ಇದು ನಮ್ಮ ಮನಿ."

ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಅಪ್ಪನ ಕಾಲು ನೆಟ್ಟಗೆ ಚಾಚಿ, ನನ್ನ ಚೀಲದಲ್ಲಿದ್ದ ಬ್ಯಾಂಡೇಜು ತೆಗೆದು ಎರಡೂ ಹೆಬ್ಬೆರಳು ಜೋಡಿಸಿ ಕಟ್ಟಿದೆ. ಗದ್ದಕ್ಕೊಂದು ಸುತ್ತು. ಚಾದರವನ್ನು ತಲೆತನಕ ಎಳೆದು ಎರಡೂ ಬದಿ ಸಿಕ್ಕಿಸಿದೆ. ವಾರ್ಡಿನಲ್ಲಿ ಮಾಡುವ ಹಾಗೆ.

ಅತ್ತೆ ಚೀರಿದಳು. "ಏ ಹುಚ್ಚಿ! ಏನ ಮಾಡಾಕತ್ತೀ? ನಮ್ಮಾಗ ಕುಂದರಸ್ತಾರ ಅನ್ನೂದೂ ಮರತಿ ಏನ? ಮೈ ಸೆಟದಮ್ಯಾಲ ಕಾಲ ಮಡಚಾಕ ನಿಮ್ಮ ಡಾಕ್ಟರ್ ಬರ್ತಾನೇನು?"

ನಮ್ಮ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕಾಲು ಮಡಚಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸುತ್ತೇವೆ. ಕೂತಂತೆಯೇ ಮಣ್ಣಿಗೆ ಕೊಡುತ್ತೇವೆ. ಅಜ್ಜನನ್ನೂ ಅಜ್ಜಿಯನ್ನೂ ಹಾಗೆ ಕೂರಿಸಿದ್ದನ್ನು ಕಣ್ಣಾರೆ ಕಂಡವಳು ನಾನು. ಅಣ್ಣ ಓಡಿ ಬಂದು ಗಂಟಿಗೆ ಕೈ ಹಾಕಿದ. ಬಿಚ್ಚಲಿಲ್ಲ, ಅಷ್ಟು ಬಿಗಿ ಕಟ್ಟಿದ್ದೆ. ಕಡೆಗೆ ಕತ್ತರಿ ತಂದ.

ಓಣಿಯ ಹೆಂಗಸರು ಬಂದು ಹಾಡಿಕೊಂಡು ಅಳತೊಡಗಿದರು. ಅಪ್ಪ ಹೀಗಿದ್ದ, ಹಾಗಿದ್ದ ಎಂದು ಒಬ್ಬೊಬ್ಬರೂ ರಾಗ ತೆಗೆದು, ನನ್ನ ಕೊರಳು ತಬ್ಬಿ ನನ್ನ ಅಳುವಿಗೆ ಕಾದರು. ನನ್ನ ಬಾಯಿಂದ ಒಂದು ಸೊಲ್ಲೂ ಹೊರಡಲಿಲ್ಲ. ಮಜ್ಜಿಗೆ ಎರವಲು ತರಬಹುದು, ಅಳು ತರಲು ಬರುವುದಿಲ್ಲ ಅನ್ನುತ್ತಿದ್ದಳು ನಮ್ಮಜ್ಜಿ.

"ಹೆಣಾ ನೋಡಿ ನೋಡಿ ಎದಿ ಕಲ್ಲಾಗೇತಿ ಇಕೀದು," ಅಂದಳು ಅತ್ತೆ, ಎಲ್ಲರಿಗೂ ಕೇಳುವ ಹಾಗೆ.

ಅವ್ವ ಅಳು ನಿಲ್ಲಿಸಿದಳು. "ಸುಮ್ನಿರ್ರಿ ಯಕ್ಕಾ. ದೀಪಾವಳಿಗೂ ಸೂಟಿ ಕೊಟ್ಟಿಲ್ಲ ನನ್ನ ಮಗಳಿಗೆ. ಅಕೀನ್ನ ಮೊದಲ ಒಂದೆರಡ ತಾಸು ಮಲಗಸ್ರಿ."

ಐದನೆಯ ದಿನಕ್ಕೇ ಡ್ಯೂಟಿಗೆ ಬಾ ಎಂದು ಫೋನು ಬಂತು. ಹೋದೆ. ಬಸ್ಸಿನಲ್ಲಿ ಒಂದೇ ಭಯ: ಇನ್ನು ನಾನು ಹೀಗೇ ಉಳಿದುಬಿಡುತ್ತೇನೇನೋ. ಹೆತ್ತ ಅಪ್ಪನಿಗೇ ಅಳದವಳು ಇನ್ನು ಯಾರಿಗೆ ಅತ್ತಾಳು?

ಮೂರು ತಿಂಗಳ ಮೇಲೆ ಅವ್ವ ಒಬ್ಬಳೇ, ತಾಳಿಕೋಟೆಯಲ್ಲಿ ಬಸ್ಸು ಬದಲಿಸಿ, ಸೀದಾ ವಾರ್ಡಿಗೇ ಬಂದಳು. ನಮ್ಮ ಹಿರಿಯ ಸಿಸ್ಟರ್ ಎದುರು ನಿಂತು, "ಇಕೀನ್ನ ಎಂಟ ದಿನಾ ಕರಕೊಂಡ ಹೋಗ್ತೇನ್ರಿ. ಇಲ್ಲಂದ್ರ ನಿಮಗೂ ಉಳಿಯೂದಿಲ್ಲ, ನನಗೂ ಉಳಿಯೂದಿಲ್ಲ," ಅಂದಳು. ಅವರು ಅಲ್ಲೇ ನನ್ನ ರಜೆ ಚೀಟಿಗೆ ಸಹಿ ಹಾಕಿದರು. ಅವರ ಕಣ್ಣ ಕೆಳಗೂ ಕಪ್ಪುಗಟ್ಟಿತ್ತು.

ಊರಿಗೆ ಬಂದು ಮಲಗಿದೆ. ಎದ್ದರೆ ಉಣ್ಣುವುದು, ಮತ್ತೆ ಮಲಗುವುದು. ಮೂರನೆಯ ದಿನ ಮುಂಜಾನೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ಅರೆಬರೆ ಎಚ್ಚರವಾಯಿತು. ಮಲಗಿದಲ್ಲಿಂದಲೇ ಕೂಗಿದೆ: "ಯವ್ವಾ, ಅಪ್ಪ ಉಂಡ್ನೇನಬೇ?"

ಸಪ್ಪಳ ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಬಂದು ನನ್ನ ಪಕ್ಕ ಕುಳಿತಳು. ಆಗ ನನಗೆ ನೆನಪಾಯಿತು.

ನನ್ನ ದನಿ ಕೇಳಿ ಓಣಿಯವರು ಗಾಬರಿಯಾಗಿ ಬಾಗಿಲಿಗೆ ಬಂದರು. ಅವ್ವ ಎದ್ದು ಹೋಗಿ ಅವರನ್ನು ಅಲ್ಲೇ ತಡೆದಳು. "ಏನೂ ಆಗಿಲ್ಲ, ಹೋಗ್ರೆವ್ವಾ. ಅಳಾಕತ್ತಾಳ. ಅಳ್ಲಿ ಬಿಡ್ರಿ."